ಬೆಳ್ಳಿ ಸಮೇತ ತೂಗಿದ ಕೂಸು

ಚೆನ್ನಾಗಿರುವ ಮಗುವನ್ನು ಡಾಕ್ಟರ ಬಳಿಗೆ ಒಯ್ಯಬೇಕಾಗುತ್ತದೆ ಎಂಬ ಸಂಗತಿ ನನಗೆ ಅರವತ್ತು ದಾಟುವವರೆಗೆ ತಿಳಿದಿರಲಿಲ್ಲ. ನನ್ನ ಮಕ್ಕಳು ಚಿಕ್ಕವರಿದ್ದಾಗ ಜ್ವರ ಬಂದರೆ ಡಾಕ್ಟರು, ಭೇದಿಯಾದರೆ ಡಾಕ್ಟರು. ಕೈಕಾಲು ಆಡಿಸುತ್ತ ನಗುತ್ತಿರುವ ಕೂಸನ್ನು ಎತ್ತಿಕೊಂಡು ಹೋಗಿ, ಸಾಲಿನಲ್ಲಿ ಕೂತು, "ಇದು ಚೆನ್ನಾಗಿದೆಯೋ ಹೆಂಗೆ?" ಎಂದು ಫೀಸು ಕೊಟ್ಟು ಕೇಳಿಕೊಂಡು ಬರುವ ಪದ್ಧತಿ ನಮ್ಮ ನ್ಯಾಮತಿ ಮನೆಯಲ್ಲಿ ಇರಲಿಲ್ಲ. ಇದ್ದಿದ್ದರೂ ಅದು ಹೆಂಗಸರ ಇಲಾಖೆಗೆ ಸೇರಿದ ವಿಷಯ. ನನ್ನ ಇಲಾಖೆ ಚನ್ನಗಿರಿಯ ಅಡಿಕೆ ಮಂಡಿ. ಬೆಳಿಗ್ಗೆ ಹೋಗಿ ತೂಕದ ಕಾಟಾದ ಪಕ್ಕ ಕುರ್ಚಿ ಹಾಕಿಕೊಂಡು ಕೂತರೆ, ಸಂಜೆ ಅಡಿಕೆಯ ಧೂಳು ಕೊಡವಿಕೊಂಡು ಏಳುವುದು. ಈಗ ಮಂಡಿಯನ್ನು ತಮ್ಮನ ಮಗ ನೋಡಿಕೊಳ್ಳುತ್ತಾನೆ. ನಾನು ಮನೆಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತೇನೆ.

ಹೀಗಿರುವಾಗ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಬಾಣಂತನ ಶುರುವಾಯಿತು.

ಬಾಣಂತನ ತವರುಮನೆಯವರು ಬರೆಯುವ ಪರೀಕ್ಷೆ. ಬರೆಯುವವರು ನಾವು, ತಿದ್ದುವವರು ಬೀಗರು. ನಮ್ಮ ಬೀಗರು ಜಗಳೂರಿನವರು. ಮೆಕ್ಕೆಜೋಳ, ಶೇಂಗಾ ವ್ಯಾಪಾರದ ಮನೆತನ. ಮಾತು ಕಡಿಮೆ, ನೋಟ ಜಾಸ್ತಿ. ಬೀಗಿತ್ತಿ ಬಂದು ಮೊದಲು ಬಾಣಂತಿಯ ಮುಖ ನೋಡುತ್ತಾರೆ, ಆಮೇಲೆ ಕೂಸಿನ ತೊಡೆ ನೋಡುತ್ತಾರೆ. ತೊಡೆಯಲ್ಲಿ ಮಡಿಕೆ ಬಿದ್ದಿದ್ದರೆ ತವರುಮನೆ ಪಾಸು. ಬಿದ್ದಿರದಿದ್ದರೆ ಅವರೇನೂ ಅನ್ನುವುದಿಲ್ಲ, "ಇರಲಿ ಬಿಡ್ರಿ, ನಮ್ಮೂರಿಗೆ ಬಂದ ಮೇಲೆ ತುಂಬಿಕೊಳ್ತಾಳೆ" ಎನ್ನುತ್ತಾರೆ. ಅದಕ್ಕಿಂತ ಬೈಸಿಕೊಳ್ಳುವುದೇ ಮೇಲು.

ನಮ್ಮ ಮನೆಯಲ್ಲಿ ಈ ಪರೀಕ್ಷೆ ಮೊದಲ ವಾರವೇ ಕಠಿಣವಾಗಿತ್ತು. ಮಗಳಿಗೆ ಹಾಲು ಇಳಿಯಲಿಲ್ಲ. ಕೂಸು ಅತ್ತು ಅತ್ತು ನೀಲಿಯಾಗುತ್ತಿತ್ತು, ಅದರ ಜತೆ ಇವಳೂ ಅಳುತ್ತಿದ್ದಳು. ನೋಡಲು ಬಂದ ಹೆಂಗಸರು ಒಬ್ಬೊಬ್ಬರು ಒಂದೊಂದು ಪಥ್ಯ ಹೇಳಿದರು. ಜಗಳೂರಿನಿಂದ ಬೀಗಿತ್ತಿ ಫೋನಿನಲ್ಲಿ, "ಹಾಲು ಸಾಲದಿದ್ರೆ ಡಬ್ಬಿ ಹಾಲು ಹಾಕ್ರಿ, ಅದರಾಗೆ ನಾಚಿಕೆ ಏನೈತಿ? ನಮ್ಮ ದೊಡ್ಡ ಸೊಸೆಗೂ ಹಂಗೇ ಆಗಿತ್ತು" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದು. ಆದರೆ ಆ ದೊಡ್ಡ ಸೊಸೆ ಇವತ್ತಿಗೂ ಆ ಮನೆಯಲ್ಲಿ "ಡಬ್ಬಿ ಹಾಲಿನಾಕೆ" ಎಂದು ಹೇಗೆ ಅನ್ನಿಸಿಕೊಳ್ಳುತ್ತಾಳೆ ಎಂಬುದು ನನ್ನ ಮಗಳಿಗೆ ಗೊತ್ತಿತ್ತು. ಅವಳು ಹಠ ಹಿಡಿದಳು. ಸಬ್ಬಸಿಗೆ ಸೊಪ್ಪು, ಮೆಂತ್ಯ, ಸುಟ್ಟ ಬೆಳ್ಳುಳ್ಳಿ ಎಂದು ನನ್ನಾಕೆ ಕೊಟ್ಟಿದ್ದನ್ನೆಲ್ಲ ಮುಖ ಕಿವುಚಿಕೊಂಡು ತಿಂದು, ಹಗಲು ರಾತ್ರಿ ಕೂಸನ್ನು ಎದೆಗೆ ಹಚ್ಚಿ ಹಚ್ಚಿ, ಕೊನೆಗೆ ಗೆದ್ದಳು. ಡಬ್ಬಿ ನಮ್ಮ ಮನೆಯ ಹೊಸ್ತಿಲು ದಾಟಲಿಲ್ಲ. ಅವಳು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಅಷ್ಟು ತಲೆಯೆತ್ತಿ ಓಡಾಡಿದ್ದನ್ನು ನಾನು ನೋಡಿರಲಿಲ್ಲ.

ಹೊನ್ನಾಳಿಯಲ್ಲಿ ಒಬ್ಬ ಮಕ್ಕಳ ಡಾಕ್ಟರಮ್ಮ ಇದ್ದಾರೆ. ತಪಾಸಣೆಗೂ ಚುಚ್ಚುಮದ್ದಿಗೂ ಅಲ್ಲಿಗೇ ಹೋಗುವುದು ಎಂದಾಯಿತು. ನನ್ನಾಕೆಗೆ ಮಂಡಿನೋವು, ಕಾರು ನನ್ನದು. ಹೀಗೆ ನಾನು ಹೆಂಗಸರ ಇಲಾಖೆಗೆ ವರ್ಗವಾದೆ.

ಒಂದು ಸಲದ ತಪಾಸಣೆಗೆ ಬೀಗಿತ್ತಿಯೂ ಜತೆಗಿದ್ದರು. ತೊಟ್ಟಿಲ ಶಾಸ್ತ್ರಕ್ಕೆಂದು ಬಂದವರು ಎರಡು ದಿನ ಉಳಿದಿದ್ದರು. ಆ ಶಾಸ್ತ್ರದಲ್ಲಿ ಅವರು ಕೂಸಿಗೆ ಬೆಳ್ಳಿಯ ಉಡಿದಾರ, ಕೈಗೆ ಕಡಗ, ಕಾಲಿಗೆ ದಪ್ಪ ಗೆಜ್ಜೆ ತಂದು ಹಾಕಿದರು. ತವರುಮನೆಯವರು ಹಿಂದೆ ಬೀಳಬಾರದೆಂದು ನಾವೂ ಅಷ್ಟೇ ದಪ್ಪದ ಇನ್ನೊಂದು ಜತೆ ಗೆಜ್ಜೆ, ಇನ್ನೊಂದು ಜತೆ ಕಡಗ ಹಾಕಿದೆವು. ಎರಡೂ ಮನೆಯ ಮರ್ಯಾದೆಯನ್ನು ಆ ಕೂಸು ಕೈಕಾಲಿನಲ್ಲಿ ಹೊತ್ತುಕೊಂಡಿತ್ತು. ಕಾಲೆತ್ತಲು ಹೋಗಿ ಎತ್ತಲಾರದೆ ಸುಮ್ಮನಾಗುತ್ತಿತ್ತು. "ಎಷ್ಟು ಶಾಂತ ಕೂಸು ನೋಡ್ರಿ" ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಮಗಳು ಚೀಟಿ ಮಾಡಿಸುವ ಸಾಲಿನಲ್ಲಿದ್ದಳು, ಕೂಸು ನಮ್ಮ ಕೈಯಲ್ಲಿತ್ತು. ತೂಕದ ಯಂತ್ರದ ಬಳಿ ನಿಂತ ನರ್ಸು, "ಬೆಳ್ಳಿ, ಸ್ವೆಟ್ರು ಎಲ್ಲ ಬಿಚ್ರಿ" ಎಂದಳು. ನಾನು ಬೀಗಿತ್ತಿಯ ಮುಖ ನೋಡಿದೆ. ಹಿಂದಿನ ದಿನ ತಾವು ಹಾಕಿದ ಒಡವೆಯನ್ನು ಅವರ ಕಣ್ಣೆದುರೇ ಬಿಚ್ಚುವುದೇ? ಹತ್ತು ಜನರ ನಡುವೆ?

"ಇರಲಿ ಬಿಡವ್ವ, ಬೀಗರು ಹಾಕಿದ್ದು. ಹಾಕಿದ ಮಾರನೇ ದಿನಾನೇ ಬಿಚ್ಚಬಾರದು, ಹಂಗೇ ತೂಗು" ಎಂದೆ.

ಹಾಗೊಂದು ಶಾಸ್ತ್ರ ನಮ್ಮಲ್ಲಿಲ್ಲ. ನಾನು ಆ ಕ್ಷಣಕ್ಕೆ ಹುಟ್ಟಿಸಿದ್ದು. ಆದರೆ ವಯಸ್ಸಾದವರು ಗಟ್ಟಿಯಾಗಿ ಹೇಳಿದ್ದೆಲ್ಲ ಶಾಸ್ತ್ರವೇ ಆಗುವ ದೇಶ ಇದು. ಹಿಂದೆ ಸಾಲು ಉದ್ದವಿತ್ತು. ನರ್ಸು ನಿಟ್ಟುಸಿರು ಬಿಟ್ಟು ಹಾಗೆಯೇ ತೂಗಿದಳು. ಆರು ಕೇಜಿಗೆ ಸ್ವಲ್ಪ ಕಮ್ಮಿ. ಡಾಕ್ಟರಮ್ಮ ಕಾರ್ಡು ನೋಡಿ "ಭೇಷ್" ಎಂದರು. ನಾನು ಅಲ್ಲಿಂದಲೇ ಮಂಡಿಗೆ ಫೋನು ಮಾಡಿ "ಹತ್ರತ್ರ ಆರು ಕೇಜಿ!" ಎಂದು ತಿಳಿಸಿದೆ. ಮಂಡಿಗೆ ತಿಳಿದರೆ ಚನ್ನಗಿರಿಗೆ ತಿಳಿದಂತೆ. ಬೀಗಿತ್ತಿ ಜಗಳೂರಿಗೆ ಹೋಗಿ ಅಲ್ಲಿಯೂ ಹೇಳಿದರಂತೆ. ತವರುಮನೆ ಪ್ರಥಮ ದರ್ಜೆಯಲ್ಲಿ ಉತ್ತೀರ್ಣವಾಯಿತು.

ಮುಂದಿನ ಸಲ ಹೊನ್ನಾಳಿಗೆ ಹೋದದ್ದು ಮಗಳು, ಕೂಸು, ನಾನು ಮಾತ್ರ. ಕೂಸು ಚೆನ್ನಾಗಿದ್ದರೆ ಅದೇ ಕೊನೆಯ ಸಲ. ವಾರ ಕಳೆದು ಅವಳನ್ನು ಗಂಡನ ಮನೆಗೆ ಕಳಿಸಿಕೊಡುವುದೆಂದು ಮಾತಾಗಿತ್ತು.

ಆ ಆಸ್ಪತ್ರೆಯ ಹಾಲ್ ಹೀಗಿದೆ: ಗೋಡೆಗುಂಟ ಬೆಂಚು, ಬೆಂಚಿನ ತುಂಬ ತಾಯಂದಿರು, ಅವರ ಪಕ್ಕದಲ್ಲಿ ಅವರ ತಾಯಂದಿರು. ಮೂಲೆಯಲ್ಲಿ ಮೇಜಿನ ಮೇಲೆ ತೂಕದ ಯಂತ್ರ. ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಅಲ್ಲೇ, ಎಲ್ಲರ ಎದುರಿಗೇ. ನಮ್ಮ ಮಂಡಿಯಲ್ಲಿ ಟೆಂಡರಿನ ದರವನ್ನು ಕೂಡ ಅಷ್ಟು ಬಹಿರಂಗವಾಗಿ ಹೇಳುವುದಿಲ್ಲ. ಒಂದು ಕೂಸು ಯಂತ್ರದ ಮೇಲೆ ಮಲಗಿದರೆ ಬೆಂಚಿನ ಮೇಲಿನ ಕತ್ತುಗಳೆಲ್ಲ ಒಟ್ಟಿಗೆ ಉದ್ದವಾಗುತ್ತವೆ.

ಈ ಸಲ ಬೀಗಿತ್ತಿ ಇರಲಿಲ್ಲ. ನರ್ಸು ಹೇಳುವ ಮೊದಲೇ ಮಗಳು ಸ್ವೆಟರು, ಟೋಪಿ, ಬೆಳ್ಳಿ ಎಲ್ಲ ಬಿಚ್ಚಿ, ಬೆಳ್ಳಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ನನ್ನ ಕೈಗಿಟ್ಟಳು. ನಾನು ಜುಬ್ಬಾದ ಜೇಬಿಗೆ ಹಾಕಿಕೊಂಡೆ. ಬತ್ತಲೆ ಕೂಸು ಯಂತ್ರದ ಮೇಲೆ ಎರಡೂ ಕಾಲು ಜಾಡಿಸಿ ಒದೆಯಿತು.

"ಆರು ಕೇಜಿ, ಮೇಲೆ ಚೂರು" ಎಂದಳು ನರ್ಸು. ಆಮೇಲೆ ಕಾರ್ಡು ನೋಡಿದಳು. ಮತ್ತೆ ಯಂತ್ರ ನೋಡಿದಳು. "ಏನ್ರೀ ಇದು, ಏರೇ ಇಲ್ವಲ್ಲ? ಒಂದು ತಿಂಗಳಿಗೆ ಇಷ್ಟೇನಾ?"

ಬೆಂಚಿನ ಕತ್ತುಗಳೆಲ್ಲ ನಮ್ಮ ಕಡೆ ತಿರುಗಿದವು. ಮಗಳ ಮುಖ ಬಿಳಿಚಿಕೊಂಡಿತು. "ಕುಡೀತಾಳಲ್ರೀ ಚೆನ್ನಾಗೇ..." ಎಂದು ಅವಳು ಸಣ್ಣ ದನಿಯಲ್ಲಿ ಏನೋ ಹೇಳಲು ಹೋದಳು.

ಆಗ ನಾನು ಮಾತಾಡಿದೆ. ಬಾಯಿ ಮುಚ್ಚಿಕೊಂಡಿರಲು ದೇವರು ಮನುಷ್ಯನಿಗೆ ತುಟಿಗಳನ್ನು ಕೊಟ್ಟಿದ್ದಾನೆ. ಆ ಸೌಲಭ್ಯವನ್ನು ನಾನು ಬಳಸಿಕೊಳ್ಳಲಿಲ್ಲ.

"ಏರಾದು ಎಲ್ಲಿಂದ? ಒಂದು ಕೈಯ್ಯಾಗೆ ಕೂಸು, ಒಂದು ಕೈಯ್ಯಾಗೆ ಮೊಬೈಲು. ಹಂಗೆ ಕುಡಿಸಿದ್ರೆ ಕೂಸಿಗೆ ಹಾಲು ಇಳಿತೈತಾ? ನಾನು ದಿನಾ ಬಡ್ಕಂತೀನಿ. ಕೇಳೋರ್ಯಾರು?"

ದಿನಾ ಬಡಿದುಕೊಂಡಿರಲಿಲ್ಲ. ಒಂದು ಸಲ ಅಂದಿದ್ದೆ. ತವರುಮನೆ ನಪಾಸಾಗುವುದು ಕಣ್ಣೆದುರು ಕಂಡಾಗ, ತಪ್ಪು ಮನೆಯದಲ್ಲ, ಬಾಣಂತಿಯದು ಎಂದು ಊರಿಗೆ ಸಾರಿಬಿಡುವ ಆತುರ ಅದು. ಅಷ್ಟು ಬೇಗ, ಅಷ್ಟು ಸಲೀಸಾಗಿ ನಾನು ಮಗಳನ್ನು ಬಿಟ್ಟುಕೊಟ್ಟೆ.

ಬೆಂಚು ಕೂಡಲೇ ಕಲಾಪ ಆರಂಭಿಸಿತು. ಸಾಸ್ವೆಹಳ್ಳಿಯಿಂದ ಮೊಮ್ಮಗನನ್ನು ಕರೆತಂದಿದ್ದ ಅಜ್ಜಿಯೊಬ್ಬಳು, "ಈಗಿನ ಹುಡುಗೀರು ಹಂಗೇ ಬಿಡ್ರಿ. ನಮ್ಮ ಸೊಸಿಗೂ ಅದೇ ರೋಗ" ಎಂದಳು. ಅವಳ ಸೊಸೆ ಪಕ್ಕದಲ್ಲೇ ಕೂತು ಸೀಲಿಂಗ್ ಫ್ಯಾನು ನೋಡುತ್ತಿದ್ದಳು. ಇನ್ನೊಬ್ಬಳು, "ಡಬ್ಬಿ ಹಾಲು ಶುರು ಮಾಡವ್ವ, ನಮ್ಮ ಸವಳಂಗದಾಗೆ ಎಲ್ಲಾರೂ ಅದನ್ನೇ ಹಾಕ್ತಾರೆ" ಎಂದಳು. ಮಗಳು ಕೂಸಿಗೆ ಅಂಗಿ ತೊಡಿಸಿದಳು. ಗುಂಡಿ ತಪ್ಪಾಗಿ ಹಾಕಿದಳು, ಬಿಚ್ಚಿ ಮತ್ತೆ ಹಾಕಿದಳು, ಮತ್ತೆ ತಪ್ಪಾಯಿತು.

ನಮ್ಮ ಸರದಿ ಬಂತು. ಒಳಗೆ ಡಾಕ್ಟರಮ್ಮ ಕೂಸನ್ನು ಮಲಗಿಸಿ ಎದೆಗೆ ಸ್ಟೆತಾಸ್ಕೋಪು ಇಟ್ಟರು, ಹೊಟ್ಟೆ ಮುಟ್ಟಿದರು, ಕಾಲುಗಳನ್ನು ಅಗಲಿಸಿ ಮಡಿಸಿದರು, ಕೈಹಿಡಿದು ಎಬ್ಬಿಸಿ ಕತ್ತು ನಿಲ್ಲುತ್ತದೆಯೇ ನೋಡಿದರು. ಕೆಂಪು ಗಿಲಕಿಯೊಂದನ್ನು ಆಚೀಚೆ ಆಡಿಸಿದರು. ಕೂಸು ಕಣ್ಣಿನಲ್ಲೇ ಅದನ್ನು ಹಿಂಬಾಲಿಸಿ, ಡಾಕ್ಟರಮ್ಮನನ್ನು ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಎಲ್ಲ ವಿಷಯದಲ್ಲೂ ಪಾಸಾಗಿ ಒಂದರಲ್ಲಿ ಮಾತ್ರ ಕೆಡವಿಕೊಂಡ ವಿದ್ಯಾರ್ಥಿಯ ಹಾಗೆ.

"ಕೂಸು ಚುರುಕಾಗೇ ಇದೆ" ಎಂದರು ಅವರು. "ಆದ್ರೆ ತೂಕ ಯಾಕೋ ನಿಂತುಬಿಟ್ಟಿದೆ. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ? ಕುಡಿದ ಮೇಲೆ ಮಲಗುತ್ತಾ, ಅಳುತ್ತಾ?"

ಮಗಳು ಒಂದೊಂದಕ್ಕೂ ಉತ್ತರ ಕೊಡುತ್ತಿದ್ದಳು. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು, ಕೈಗೆ ಕೆಲಸವಿಲ್ಲದೆ ಜೇಬಿನ ಗಂಟನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡೆ.

ಅಡಿಕೆ ಹಿಡಿದು ಬದುಕಿದ ಅಂಗೈ ಅದು. ಚೀಲದಿಂದ ಒಂದು ಹಿಡಿ ತೆಗೆದು ತೂಗಿ ನೋಡಿದರೆ ಕಾಟಾ ಹೇಳುವುದಕ್ಕೆ ಮುಂಚೆ ಹೇಳುತ್ತದೆ. ಗಂಟು ಕೈಗೆ ಬಿದ್ದ ಕೂಡಲೇ ಅಂಗೈ ತನ್ನ ಪಾಡಿಗೆ ತಾನು ತೂಕ ಹೇಳಿತು. ಅರ್ಧ ಕೇಜಿಗೆ ಸ್ವಲ್ಪವೇ ಕಮ್ಮಿ. ಹೋದ ಸಲ ಇದೂ ಯಂತ್ರದ ಮೇಲಿತ್ತು. ಉಣ್ಣೆಯ ಸ್ವೆಟರು, ಒದ್ದೆಯಾದ ಬಟ್ಟೆ ಬೇರೆ.

ಮಂಡಿಯಲ್ಲಿ ಯಾವ ರೈತನ ಅಡಿಕೆಯನ್ನೂ ನಾನು ಚೀಲದ ತೂಕ ಕಳೆಯದೆ ಬರೆಸಿದವನಲ್ಲ. ಬರಿಯ ಗೋಣಿಚೀಲದ ತೂಕದ ಬಗ್ಗೆ ಆಳುಗಳೊಂದಿಗೆ ಜಗಳವಾಡಿದ್ದೇನೆ. ಅಂಥವನು ನನ್ನ ಮೊಮ್ಮಗಳನ್ನು ಚೀಲದ ಸಮೇತ ತೂಗಿಸಿ ಎರಡು ತಾಲ್ಲೂಕಿಗೆ ಡಂಗುರ ಹೊಡೆದಿದ್ದೆ.

ಕೂಡಲೇ ಹೇಳಿದೆ ಎಂದು ಬರೆಯುವ ಆಸೆ ಇದೆ. ಹೇಳಲಿಲ್ಲ. ಹೇಳಿದರೆ ಚನ್ನಗಿರಿಗೆ ಏನೆನ್ನುವುದು, ಜಗಳೂರಿಗೆ ಏನೆನ್ನುವುದು ಎಂದು ಲೆಕ್ಕ ಹಾಕುತ್ತ ಕೂತೆ. ಗಂಟನ್ನು ಜೇಬಿಗೆ ವಾಪಸು ಹಾಕಿದೆ ಕೂಡ. ಡಾಕ್ಟರಮ್ಮ, "ಹಾಲು ಸಾಲ್ತಾ ಇಲ್ಲವೋ ಏನೋ. ಒಂದೆರಡು ಹೊತ್ತು ಮೇಲಿನ ಹಾಲು ಕೊಟ್ಟು ನೋಡೋಣವಾ?" ಎನ್ನುತ್ತ ಪೆನ್ನು ಕೈಗೆತ್ತಿಕೊಂಡರು.

ಮಗಳು ಸ್ವಲ್ಪ ಹೊತ್ತು ಕೂಸಿನ ತಲೆ ಸವರಿದಳು. "ಬರೀರಿ ಮೇಡಂ" ಎಂದಳು. "ಅಪ್ಪಾಜಿ ಹೇಳಿದಂಗೆ ನನ್ನದೇ ತಪ್ಪಿರಬೇಕು."

ಅವಳು ಅದನ್ನು ವ್ಯಂಗ್ಯವಾಗಿ ಅಂದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ನಂಬಿ ಅಂದಳು.

"ಬರೀಬ್ಯಾಡ್ರಿ ಮೇಡಂ" ಎಂದೆ. ಎದ್ದು ನಿಂತಿದ್ದೆ. "ಹೋದ ಸಲ ಕೂಸು ಬೆಳ್ಳಿ ಸಮೇತ ತೂಗಿತ್ತು. ಸ್ವೆಟ್ರೂ ಇತ್ತು. ನಾನೇ ಬಿಚ್ಚಬ್ಯಾಡ ಅಂದಿದ್ದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಗಂಟನ್ನು ತೆಗೆದುಕೊಂಡು ನರ್ಸನ್ನು ಕರೆದು ಕೊಟ್ಟರು. "ಇದನ್ನ ಆ ಯಂತ್ರದ ಮೇಲಿಟ್ಟು ಬಾರಮ್ಮ." ಹೊರಗಿನಿಂದ ಸಾಸ್ವೆಹಳ್ಳಿ ಅಜ್ಜಿಯ ದನಿ ಕೇಳಿಸಿತು: "ಅಯ್ಯ, ಫೀಸಿಗೆ ಬೆಳ್ಳಿ ಒತ್ತೆ ಇಡ್ತಾರೇನೇ ತಂಗಿ ಇಲ್ಲಿ?"

ನರ್ಸು ಬಂದು ತೂಕ ಹೇಳಿದಳು. ಅಂಗೈ ತಪ್ಪಿರಲಿಲ್ಲ. ಡಾಕ್ಟರಮ್ಮ ಬೆಳ್ಳಿಯದನ್ನು ಕಳೆದರು, ಸ್ವೆಟರಿನದೂ ಬಟ್ಟೆಯದೂ ಇಷ್ಟಿರಬಹುದೆಂದು ಇನ್ನಷ್ಟು ಕಳೆದರು. ಕೂಸು ಒಂದು ತಿಂಗಳಲ್ಲಿ ಎಷ್ಟು ಏರಬೇಕೋ ಅಷ್ಟು ಏರಿತ್ತು. ಮೇಲೆ ಒಂದು ಹಿಡಿ ಜಾಸ್ತಿಯೇ.

"ನೀವು ಏನು ಕೆಲಸ ಮಾಡ್ತಿದ್ರಿ?" ಎಂದು ಕೇಳಿದರು ಅವರು ನನ್ನನ್ನು.

"ಚನ್ನಗಿರಿಯಾಗೆ ಅಡಿಕೆ ಮಂಡಿ, ಮೇಡಂ."

"ಅಲ್ಲಿ ಚೀಲದ ತೂಕ ಕಳೀತಿದ್ರಾ?"

"ಕಳೀತಿದ್ದೆ."

ಅವರು ಅಷ್ಟಕ್ಕೇ ಬಿಟ್ಟರು. ಮಗಳ ಕಡೆ ತಿರುಗಿ, "ನಿಮ್ಮ ಹಾಲು ಬೇಕಾದಷ್ಟಿದೆ. ಯಾವ ಡಬ್ಬಿಯೂ ಬೇಡ. ಇನ್ನೆರಡು ತಿಂಗಳು ನೀರೂ ಕೊಡಬೇಡಿ" ಎಂದರು. ಮಗಳು ತಲೆಯಾಡಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಚುಚ್ಚುಮದ್ದಿನ ಹೊತ್ತಿಗೆ ಕೂಸಿನ ಕಾಲು ಹಿಡಿದುಕೊಳ್ಳಲು ನಾನು ಕೈಚಾಚಿದೆ. ಅವಳು, "ನಾನೇ ಹಿಡ್ಕಂತೀನಿ" ಎಂದಳು. ಎರಡೂ ತೊಡೆಗೆ ಸೂಜಿ ಬಿತ್ತು. ಕೂಸು ಮೊದಲು ನಂಬಲಾರದೆ ನಮ್ಮನ್ನು ನೋಡಿ, ಆಮೇಲೆ ಕಿರುಚಿತು. ರಾತ್ರಿ ಜ್ವರ ಬಂದರೆ ಇಷ್ಟು ಹನಿ ಔಷಧಿ, ಸೂಜಿ ಚುಚ್ಚಿದ ಕಡೆ ಉಜ್ಜಬಾರದು ಎಂದು ಹೇಳಿ ನಮ್ಮನ್ನು ಕಳಿಸಿದರು.

ಬಾಗಿಲ ಬಳಿ ಮಗಳು ನಿಂತಳು.

"ಅಪ್ಪಾಜಿ, ಒಳಗೆ ಹೇಳಿದ್ರಲ್ಲ, ಅದು ಒಳಗಿದ್ದೋರಿಗೆ ಗೊತ್ತಾತು. ಹೊರಗೆ ನನ್ನ ಅಂದಿದ್ರಲ್ಲ, ಆ ಬೆಂಚಿನ ಮ್ಯಾಲಿನೋರು ಹಂಗೇ ಕುಂತಾರೆ."

"ಈಗ ಅವರಿಗೆಲ್ಲ ಏನಂತ ಹೇಳಾದವ್ವ? ಅವರ್ಯಾರೋ, ನಾವ್ಯಾರೋ."

"ಅನ್ನಾಕೆ ಮುಂಚೆ ಅವರ್ಯಾರು ಅಂತ ಕೇಳಿದ್ರಾ?"

ಹಾಲ್‌ಗೆ ಬಂದೆವು. ಬೆಂಚು ತಲೆಯೆತ್ತಿತು. ಮಗಳು ಖಾಲಿ ಜಾಗ ನೋಡಿ ಕೂತಳು. ಕಾರಿನ ಕಡೆ ಹೊರಡುವ ಲಕ್ಷಣ ಕಾಣಲಿಲ್ಲ. ನಾನು ಹಾಲ್‌ನ ನಡುವೆ ಸಭೆಯನ್ನುದ್ದೇಶಿಸಿ ಮಾತಾಡಲು ನಿಂತ ಅಧ್ಯಕ್ಷನಂತೆ ನಿಂತೆ. ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಜಗಳೂರು.

ನನ್ನ ಕಿವಿಗೆ ಸ್ಪೀಕರು ಹಾಕದೆ ಕೇಳಿಸುವುದಿಲ್ಲ. ಬೀಗಿತ್ತಿಯ ದನಿ ಹಾಲ್ ತುಂಬಿತು.

"ಆತೇನ್ರೀ ತಪಾಸಣೆ? ಎಷ್ಟಾತ್ರೀ ತೂಕ?"

"ಆರು ಕೇಜಿ. ಮ್ಯಾಲೆ ಚೂರು."

ಜಗಳೂರು ಲೆಕ್ಕ ಹಾಕಿತು. "ಹೋದ ಸಲಾನೇ ಹತ್ರತ್ರ ಆರು ಅಂದಿದ್ರಿ?"

ನಾನು ಮಗಳ ಕಡೆ ನೋಡಿದೆ. ಅವಳು ಅಳುವ ಕೂಸನ್ನು ತಟ್ಟುತ್ತ ಗೋಡೆ ನೋಡುತ್ತಿದ್ದಳು. ಸಾಸ್ವೆಹಳ್ಳಿ ಅಜ್ಜಿ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದ್ದಳು.

"ಹೋದ ಸಲದ್ದು ಸುಳ್ಳು ತೂಕ, ಬೀಗ್ರೇ. ನಿಮ್ಮ ಬೆಳ್ಳಿ, ನಮ್ಮ ಬೆಳ್ಳಿ, ಸ್ವೆಟ್ರು ಎಲ್ಲಾ ಸೇರಿಸಿ ತೂಗ್ಸಿದ್ದೆ. ಹಾಕಿದ ಮಾರನೇ ದಿನಾನೇ ಬಿಚ್ಚಬಾರದು ಅಂದಿದ್ನಲ್ಲ, ಅದೂ ಸುಳ್ಳು. ಇವತ್ತಿಂದು ಬರೀ ಕೂಸಿನ ತೂಕ. ಚೆನ್ನಾಗಿ ಏರೈತೆ. ನಾನು ಇಲ್ಲಿ ಎಲ್ಲಾರ ಎದುರಿಗೆ ಮಗಳದು ತಪ್ಪು ಅಂದುಬಿಟ್ಟೆ. ಅವಳದೇನೂ ತಪ್ಪಿಲ್ಲ." ಮುಂದಿನ ಮಾತು ಹೇಳಲು ನಾನು ಗೋಡೆಯ ಕಡೆ ತಿರುಗಬೇಕಾಯಿತು. ನಮ್ಮ ಕಾಲದ ಗಂಡಸಿನ ಬಾಯಿಂದ, ಅದೂ ತಂದೆಯ ಬಾಯಿಂದ, ಬರುವ ಮಾತಲ್ಲ ಅದು. "ಅವಳ ಹಾಲಿಗೆ ಏನೂ ಕೊರತಿಲ್ಲ. ಡಾಕ್ಟ್ರು ಹೇಳ್ಯಾರೆ."

"ನಾನೂ ಅಲ್ಲೇ ನಿಂತಿದ್ನಲ್ರೀ ಆವತ್ತು" ಎಂದರು ಬೀಗಿತ್ತಿ. "ಬಿಚ್ಚಿದ್ರೆ ನಾನೇನು ಅಂತಿರಲಿಲ್ಲ. ಕೂಸಿನ ಕಾಲೇ ಮ್ಯಾಲೆ ಏಳ್ತಿರಲಿಲ್ಲ, ಪಾಪ. ನೀವು ಅಷ್ಟು ಗಟ್ಟಿಯಾಗಿ ಹೇಳಿದ ಮ್ಯಾಲೆ ನಿಮ್ಮ ಮನಿ ಪದ್ಧತಿ ಇರಬೇಕು ಅಂತ ಸುಮ್ಕಾದೆ." ಆಮೇಲೆ, "ಹುಡುಗಿ ಅತ್ಲೇನ್ರೀ?" ಎಂದು ಕೇಳಿದರು.

"ಹೂಂ" ಎಂದೆ.

"ಅಳಿಸೋ ಮುಂಚೆ ಒಂದು ಫೋನು ಮಾಡಬಾರದಾಗಿತ್ತಾ?" ಎಂದು ಇಟ್ಟುಬಿಟ್ಟರು.

ಬೆಂಚಿನ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಸಲೀಸಾಗಿರುತ್ತಿತ್ತು. ಸಾಸ್ವೆಹಳ್ಳಿ ಅಜ್ಜಿ ನನ್ನನ್ನು ಬಿಟ್ಟು ಮಗಳ ಕಡೆ ಸರಿದು, "ಕೊಡವ್ವ, ಅಳ್ತೈತೆ ಕೂಸು, ಮೊದ್ಲು ಹಾಲು ಕೊಡು. ಸೂಜಿ ನೋವು ಹಾಲಿಗೇ ಇಳಿಯಾದು" ಎಂದಳು. ಸವಳಂಗದಾಕೆ ಎದ್ದು ತನ್ನ ಶಾಲನ್ನು ಮಗಳ ಹೆಗಲ ಮೇಲೆ ಹೊದಿಸಿದಳು. ಫ್ಯಾನು ನೋಡುತ್ತಿದ್ದ ಸೊಸೆಯೂ ಪಕ್ಕಕ್ಕೆ ಬಂದು ಕೂತು ಮರೆ ಮಾಡಿದಳು. ಕ್ಷಣದಲ್ಲಿ ಅಲ್ಲೊಂದು ಕೋಟೆ ಎದ್ದಿತು, ನಾನು ಅದರ ಹೊರಗಿದ್ದೆ.

"ನೀವು ಆಚೆಗೆ ನಿಂತಿರ್ರಿ ಅಪ್ಪಾಜಿ" ಎಂದಳು ಒಳಗಿನಿಂದ ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. ಕ್ಷಮೆಯೂ ಇರಲಿಲ್ಲ.

ಹೊರಗೆ ಬಂದು ಚಪ್ಪಲಿಗಳ ರಾಶಿಯ ಪಕ್ಕ ನಿಂತೆ. ಬಿಸಿಲು ನೇರ ನೆತ್ತಿಯ ಮೇಲಿತ್ತು. ಅಳು ನಿಂತಿತು. ಆಮೇಲೆ ಒಳಗಿನಿಂದ ಹೆಂಗಸರ ನಗು ಕೇಳಿಸಿತು, ಅದರಲ್ಲಿ ಮಗಳದೂ ಇತ್ತು. ಯಾವುದಕ್ಕೆ ನಗುತ್ತಿದ್ದಾರೆ ಎಂದು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ. ಮುಗಿಯಿತೇ ಎಂದು ಬಾಗಿಲಲ್ಲಿ ಇಣುಕಿ ಕೇಳಲು ಧೈರ್ಯವಾಗಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಸಾಸ್ವೆಹಳ್ಳಿ ಅಜ್ಜಿ ಎಲೆ ಅಡಿಕೆ ಉಗುಳಲು ಹೊರಗೆ ಬಂದಳು. ಉಗುಳಿ, ಬಾಯಿ ಒರೆಸಿಕೊಂಡು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇನ್ನಾ ಕುಡೀತಾ ಐತೆ" ಎಂದಳು. "ನಿಂತ್ಕಳ್ರಿ."

ನಿಂತುಕೊಂಡೆ.